ನಲ್ಲಿ ಯಾರ ತಟ್ಟೆಗೆ?

ಊಟಕ್ಕೆ ಕುಳಿತಾಗ ನಿಮ್ಮ ಮನೆಯಲ್ಲಿ ನಲ್ಲಿ ಯಾರ ತಟ್ಟೆಗೆ ಬೀಳುತ್ತದೆ? ನಾನು ಹೇಳುತ್ತಿರುವುದು ನೀರಿನ ನಲ್ಲಿಯ ವಿಷಯವಲ್ಲ. ಕುರಿ, ಮೇಕೆಯ ಕಾಲಿನ ಕೊಳವೆಯಂತಹ ಎಲುಬು, ಒಳಗೆ ಮಜ್ಜೆ ತುಂಬಿದ್ದು. ಬಡಿಸುವಾಗ ಸೌಟು ಪಾತ್ರೆಯ ತಳಕ್ಕಿಳಿದು ಅದನ್ನೇ ಹುಡುಕಿ ಎತ್ತುತ್ತದಲ್ಲ, ಅದು. ಸಹೋದರಿಯರೇ, ಒಂದು ಸಲ ನೆನಪು ಮಾಡಿಕೊಂಡು ನೋಡಿ.

ಮೈಸೂರಿನ ನಮ್ಮ ತವರಿನಲ್ಲಿ ಅದು ಮೊದಲು ಅಬ್ಬಾನ ತಟ್ಟೆಗೆ. ಎರಡನೆಯದಿದ್ದರೆ ತಮ್ಮನ ತಟ್ಟೆಗೆ. ನಾವು ಮೂವರು ಹೆಣ್ಣುಮಕ್ಕಳು, ಕೊನೆಯವನು ಅವನು. "ಗಂಡುಮಗು, ಎಲುಬು ಗಟ್ಟಿಯಾಗಬೇಕು" ಎನ್ನುವುದು ದಾದಿಯ ಮಾತು. ದಾದಿ ತೀರಿಕೊಂಡ ಮೇಲೆ ಅದೇ ಅಮ್ಮಿಯ ಮಾತಾಯಿತು. ನಾನು ಹಿರಿಯವಳು, ತಮ್ಮನಿಗಿಂತ 11 ವರ್ಷ ದೊಡ್ಡವಳು. ಅವನು ನನ್ನ ಸೊಂಟದ ಮೇಲೆ ಬೆಳೆದವನು. ಅವನಿಗೆ ಹಲ್ಲು ಬರುವ ಮೊದಲು ನಲ್ಲಿಯನ್ನು ತಟ್ಟೆಯ ಅಂಚಿಗೆ ಬಡಿದು, ಮಜ್ಜೆಯನ್ನು ಅನ್ನಕ್ಕೆ ಬೀಳಿಸಿ, ಕಲಸಿ ತಿನ್ನಿಸುತ್ತಿದ್ದವಳು ನಾನೇ. ಬೆರಳಿಗೆ ಅಂಟಿದ್ದನ್ನು ನೆಕ್ಕಿಕೊಳ್ಳುತ್ತಿದ್ದೆ. ನನ್ನ ಪಾಲು ಅಷ್ಟೇ. ಆಗ ಅದರಲ್ಲಿ ಅನ್ಯಾಯವೇನೂ ಕಂಡಿರಲಿಲ್ಲ. ನಿಮಗೂ ಕಂಡಿರಲಿಕ್ಕಿಲ್ಲ.

ಬಕ್ರೀದ್ ಮುಗಿದ ಸಂಜೆ ಮಂಡಿ ಮೊಹಲ್ಲಾದ ಬೀದಿಗಳಲ್ಲಿ ಸುಟ್ಟ ಕೂದಲಿನ ವಾಸನೆ ತುಂಬಿರುತ್ತಿತ್ತು. ತಲೆ, ಕಾಲು ಸುಡುವವರ ಮುಂದೆ ಮಕ್ಕಳು ಪಾತ್ರೆ ಹಿಡಿದು ಸಾಲುಗಟ್ಟುತ್ತಿದ್ದೆವು. ಮನೆಗೆ ತಂದ ಕಾಲುಗಳನ್ನು ಅಮ್ಮಿ ಚಾಕುವಿನಿಂದ ಹೆರೆದು, ಗೋಧಿ ಹಿಟ್ಟು, ಅರಿಶಿನ ಹಚ್ಚಿ ಉಜ್ಜಿ ತೊಳೆಯುತ್ತಿದ್ದಳು. ಇಶಾ ನಮಾಝಿನ ನಂತರ ಸಣ್ಣ ಉರಿಯ ಮೇಲಿಟ್ಟರೆ ಫಜ್ರ್ ಹೊತ್ತಿಗೆ ಪಾಯಾ ಸಿದ್ಧ. ಶುಂಠಿ ಬೆಳ್ಳುಳ್ಳಿ, ಈರುಳ್ಳಿ, ಕಾಳುಮೆಣಸು, ಧನಿಯಾ, ಕೊನೆಗೆ ಒಂದಿಷ್ಟು ತೆಂಗಿನ ಹಾಲು. ಜೊತೆಗೆ ಒತ್ತು ಶಾವಿಗೆ. ತಿಂದ ಮೇಲೆ ತುಟಿಗೆ ತುಟಿ ಅಂಟಬೇಕು. ಅಂಟದಿದ್ದರೆ ಅದು ಪಾಯಾ ಅಲ್ಲ, ಬರೀ ಸಾರು.

ಆ ಅಂಟು ಮಜ್ಜೆಯದಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕಾಲಿನ ಗೊರಸಿನ ಭಾಗದಲ್ಲಿ ಮಜ್ಜೆ ಕಡಿಮೆ. ಅಲ್ಲಿರುವುದು ಚರ್ಮ, ಸ್ನಾಯುಬಂಧ, ಮೃದ್ವಸ್ಥಿ. ಅವುಗಳಲ್ಲಿರುವ ಕೊಲಾಜನ್ ಎಂಬ ಪ್ರೊಟೀನು ರಾತ್ರಿಯಿಡೀ ಬೆಂದು ಜೆಲಾಟಿನ್ ಆಗುತ್ತದೆ, ಅದೇ ಅಂಟು. ಮಜ್ಜೆ ಬೇಕೆಂದರೆ ಮೊಣಕಾಲಿನ ಕೆಳಗಿನ ನಲ್ಲಿಯೇ ಆಗಬೇಕು. ದೆಹಲಿ, ಲಕ್ನೋ ಕಡೆ ಬೆಳಗಿನ ನಿಹಾರಿಗೆ ಹಾಕುವುದೂ ಅದನ್ನೇ. ನಮ್ಮ ಮೈಸೂರು ಸೀಮೆಯ ಗೌಡರ ಮನೆಗಳಲ್ಲಿ ಮುದ್ದೆಯ ಜೊತೆ ಸಾರಿನಲ್ಲಿ ಹುಡುಕುವುದೂ ಅದನ್ನೇ. ಈ ಒಂದು ವಿಷಯದಲ್ಲಿ ಯಾರಿಗೂ ಯಾರೊಂದಿಗೂ ಜಗಳವಿಲ್ಲ.

ಮನುಷ್ಯರದ್ದು ಬಿಡಿ, ಎಲುಬು ಮತ್ತು ಮಜ್ಜೆಯನ್ನೇ ಮುಖ್ಯ ಆಹಾರ ಮಾಡಿಕೊಂಡ ಹದ್ದಿನ ಜಾತಿಯ ಹಕ್ಕಿಯೊಂದು ಹಿಮಾಲಯದಲ್ಲಿದೆ. ದೊಡ್ಡ ಎಲುಬಾದರೆ ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಒಡೆಯುತ್ತದೆ. ಫಾರ್ಸಿ, ಉರ್ದು ಕಥೆಗಳ ಹುಮಾ ಪಕ್ಷಿಯೂ ಎಲುಬು ತಿಂದು ಬದುಕುವಂಥದ್ದು, ಯಾವ ಜೀವಕ್ಕೂ ನೋವು ಕೊಡದ್ದು. ಅದರ ನೆರಳು ಬಿದ್ದವನು ಅರಸನಾಗುತ್ತಾನೆ ಎಂದು ದಾದಿ ಹೇಳುತ್ತಿದ್ದಳು. ಟಿಪ್ಪು ಸುಲ್ತಾನರ ಸಿಂಹಾಸನದ ಮೇಲೆ ರತ್ನಖಚಿತ ಹುಮಾ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಇಂಗ್ಲೆಂಡಿನ ಅರಮನೆ ಸೇರಿತು, ಇಂದಿಗೂ ಅಲ್ಲೇ ಇದೆ. ಇರಲಿ, ನಾನು ಹೇಳಹೊರಟದ್ದು ಬೇರೆ.

2017ರ ರಮಝಾನ್. ತಮ್ಮನಿಗೆ ಆಗ 21 ವರ್ಷ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ತರಾವೀಹ್‌ನಲ್ಲಿ ನಿಲ್ಲಲಾಗದೆ ಕುಳಿತುಬಿಡುತ್ತಿದ್ದನಂತೆ. ಉಪವಾಸದ ಸುಸ್ತು ಎಂದುಕೊಂಡರು. ಈದ್ ಕಳೆದ ಮೇಲೂ ಸುಸ್ತು ಇಳಿಯಲಿಲ್ಲ. ಹಲ್ಲುಜ್ಜಿದರೆ ರಕ್ತ, ತೊಡೆಯ ಮೇಲೆ ಎಲ್ಲಿಯೂ ಬೀಳದೆ ಆದ ನೀಲಿ ಕಲೆಗಳು. ಬೀದಿಯ ವೈದ್ಯರೊಬ್ಬರು ರಕ್ತ ಕಡಿಮೆಯಾಗಿದೆ ಎಂದು ಟಾನಿಕ್ ಬರೆದುಕೊಟ್ಟರು, ರಕ್ತ ಪರೀಕ್ಷೆ ಬರೆಯಲಿಲ್ಲ. ಅಮ್ಮಿ ತನ್ನದೇ ಟಾನಿಕ್ ಶುರು ಮಾಡಿದಳು. ದಿನಾ ನಲ್ಲಿ ಸೂಪು, ದಿನ ಬಿಟ್ಟು ದಿನ ಕಲೇಜಿ. ಒಂದು ತಿಂಗಳು ಹೀಗೇ ಕಳೆಯಿತು. ಜುಲೈ ಕೊನೆಯಲ್ಲಿ ಮೂಗಿನಿಂದ ಸುರಿದ ರಕ್ತ ಎರಡು ಗಂಟೆಯಾದರೂ ನಿಲ್ಲಲಿಲ್ಲ. ಅಂದು ರಾತ್ರಿ ಮಾಡಿಸಿದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 5.2, ಪ್ಲೇಟ್‌ಲೆಟ್ 9,000. ಆರೋಗ್ಯವಂತರಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರುತ್ತದೆ. ಬಿಳಿ ರಕ್ತಕಣಗಳೂ ಬಹಳ ಕಡಿಮೆ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸೊಂಟದ ಹಿಂಭಾಗದ ಎಲುಬಿನಿಂದ ಮಜ್ಜೆ ತೆಗೆದು ಪರೀಕ್ಷಿಸಿದರು. ಎರಡು ದಿನದ ನಂತರ ವೈದ್ಯೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇದು ಏಪ್ಲಾಸ್ಟಿಕ್ ಅನೀಮಿಯಾ. ಕ್ಯಾನ್ಸರ್ ಅಲ್ಲ. ಆದರೆ ರಕ್ತ ತಯಾರಾಗುವ ಜಾಗವೇ ಖಾಲಿಯಾಗಿದೆ. ಮಜ್ಜೆಯಲ್ಲಿ ಕಣಗಳ ಜಾಗವನ್ನು ಕೊಬ್ಬು ತುಂಬಿಕೊಂಡಿದೆ."

ಅಮ್ಮಿ ಕೇಳಿದಳು, "ಕೊಬ್ಬು ಅಂದರೆ? ನಲ್ಲಿಯಲ್ಲಿರುತ್ತದಲ್ಲ, ಹಾಗೆಯೇ?"

ವೈದ್ಯೆ ಒಂದು ಕ್ಷಣ ಸುಮ್ಮನಿದ್ದು, "ಹೌದಮ್ಮಾ, ಹೆಚ್ಚುಕಡಿಮೆ ಹಾಗೆಯೇ" ಎಂದರು.

ಅಮ್ಮಿ ಮತ್ತೆ ಮಾತಾಡಲಿಲ್ಲ. ಬಸ್ಸಿನಲ್ಲಿ ರಾಮನಗರ ದಾಟಿದ ಮೇಲೆ ನನ್ನ ಕೈ ಹಿಡಿದು, "ನಾನೇ ತಿನ್ನಿಸಿ ತುಂಬಿಸಿಬಿಟ್ಟೆನೇನೇ?" ಎಂದಳು. ಅಲ್ಲ ಅಮ್ಮಿ, ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಎಲುಬಿಗಲ್ಲ ಎಂದು ಎಷ್ಟು ಹೇಳಿದರೂ ಅವಳ ಮುಖ ತಿಳಿಯಾಗಲಿಲ್ಲ.

ಮಜ್ಜೆಯ ಬಗ್ಗೆ ಆ ದಿನಗಳಲ್ಲಿ ನಾನು ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಹುಟ್ಟಿದ ಮಗುವಿನ ಎಲ್ಲ ಎಲುಬುಗಳಲ್ಲೂ ಇರುವುದು ಕೆಂಪು ಮಜ್ಜೆ. ಬೆಳೆಯುತ್ತಾ ಹೋದಂತೆ ಕೈಕಾಲಿನ ಉದ್ದ ಎಲುಬುಗಳ ನಡುಭಾಗದಲ್ಲಿ ಅದು ಹಳದಿಯಾಗುತ್ತದೆ, ಅಂದರೆ ಕೊಬ್ಬು. ದೊಡ್ಡವರಲ್ಲಿ ಕೆಂಪು ಮಜ್ಜೆ ಉಳಿಯುವುದು ಸೊಂಟ, ಬೆನ್ನುಮೂಳೆ, ಎದೆಯ ಮೂಳೆ, ಪಕ್ಕೆಲುಬು, ತಲೆಬುರುಡೆ ಮುಂತಾದ ಕಡೆ. ದಿನವೊಂದಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ರಕ್ತಕಣಗಳು ಅಲ್ಲಿ ಹುಟ್ಟುತ್ತವೆ. ನೀವು ಈ ಪುಟ ಓದುತ್ತಿರುವಾಗಲೂ ನಿಮ್ಮ ಸೊಂಟದೊಳಗೆ ಆ ಕೆಲಸ ನಡೆಯುತ್ತಲೇ ಇದೆ. ಒಂದು ಕೆಂಪು ಕಣ 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ ಎಂಟು ಹತ್ತು ದಿನ. ಕಾರ್ಖಾನೆ ನಿಂತರೆ ಮೊದಲು ಕೊರತೆ ಕಾಣುವುದು ಬೇಗ ಸಾಯುವ ಕಣಗಳಲ್ಲಿ. ಅದಕ್ಕೇ ಒಸಡಿನಲ್ಲಿ ರಕ್ತ, ಅದಕ್ಕೇ ನೀಲಿ ಕಲೆ.

ರಕ್ತ ಮಜ್ಜೆಯಲ್ಲಿ ಹುಟ್ಟುತ್ತದೆ ಎಂಬುದು ಜಗತ್ತಿಗೆ ಗೊತ್ತಾದದ್ದೇ 1868ರಲ್ಲಿ. ಜರ್ಮನಿಯ ಅರ್ನ್ಸ್ಟ್ ನಾಯ್ಮನ್, ಇಟಲಿಯ ಜೂಲಿಯೋ ಬಿಟ್ಜೊಜೆರೊ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. ಅದಕ್ಕೂ ಹಿಂದಿನ ಗ್ರೀಕ್ ವೈದ್ಯರು ಮಜ್ಜೆಯೆಂದರೆ ಎಲುಬಿಗೆ ಆಹಾರ ಎಂದು ತಿಳಿದಿದ್ದರು. ನಮ್ಮ ದಾದಿಯದೂ ಅದೇ ಮತ, ಅವಳು ಗ್ರೀಕರ ಹೆಸರು ಕೇಳಿರಲಿಲ್ಲ ಅಷ್ಟೇ.

ತಮ್ಮನಿಗೆ ಎರಡು ದಾರಿಗಳಿದ್ದವು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಒಂದು, ಬೇರೆಯವರ ಮಜ್ಜೆ ಕಸಿ ಮಾಡುವುದು ಇನ್ನೊಂದು. ಚಿಕ್ಕ ವಯಸ್ಸು, ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾದರೆ ಕಸಿಯೇ ಮೇಲು ಎಂದರು. ಹೊಂದಿಕೆ ಎಂದರೆ ರಕ್ತದ ಗುಂಪಲ್ಲ. ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ, ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಒಬ್ಬ ಒಡಹುಟ್ಟಿದವರೊಡನೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇನ್ನೊಂದು ಮಾತನ್ನು ವೈದ್ಯೆ ಒತ್ತಿ ಹೇಳಿದರು: ಕಸಿ ಆಗುವವರೆಗೆ ಮನೆಯವರು ಯಾರೂ ಅವನಿಗೆ ರಕ್ತ ಕೊಡಬಾರದು. ಕೊಟ್ಟರೆ ಅವನ ದೇಹ ಆ ರಕ್ತವನ್ನು ಗುರುತಿಟ್ಟುಕೊಂಡು, ನಾಳೆ ಅದೇ ಮನೆಯ ಮಜ್ಜೆಯನ್ನು ತಿರಸ್ಕರಿಸಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ದಯವಿಟ್ಟು ನೆನಪಿಡಿ. ಆಸ್ಪತ್ರೆಗೆ ಓಡಿಬಂದ ನನ್ನ ಚಿಕ್ಕಪ್ಪಂದಿರು ತೋಳು ಮಡಚಿಕೊಂಡು ನಿಂತಿದ್ದರು, ಅವರನ್ನು ವಾಪಸು ಕಳಿಸಬೇಕಾಯಿತು.

ಇಬ್ಬರು ತಂಗಿಯರೂ ಮರುದಿನವೇ ರಕ್ತದ ಮಾದರಿ ಕೊಟ್ಟರು. ಒಬ್ಬಳದು ಅರ್ಧ ಹೊಂದಿತು, ಇನ್ನೊಬ್ಬಳದು ಹೊಂದಲೇ ಇಲ್ಲ.

ಉಳಿದವಳು ನಾನು. ನಾನು ಹೋಗಲಿಲ್ಲ.

ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ನನಗಾಗ 32 ವರ್ಷ. ಹಾಸನದಲ್ಲಿ ಸಂಸಾರ, ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು. ಅತ್ತೆ ಕೆಟ್ಟವರಲ್ಲ. ಆದರೂ, "ಬೆನ್ನಿಗೆ ಸೂಜಿ ಚುಚ್ಚಿ ಎಲುಬಿನ ಸಾರ ಹೀರಿಕೊಳ್ಳುತ್ತಾರಂತೆ. ನಾಳೆ ನೀನು ಸೊಂಟ ಹಿಡಿದು ಕುಳಿತರೆ ಈ ಮಕ್ಕಳನ್ನು ನೋಡುವವರು ಯಾರು?" ಎಂದರು. ಪಕ್ಕದ ಮನೆಯವರು ಯಾರದೋ ಕಾಲು ಸ್ವಾಧೀನ ತಪ್ಪಿದ ಕಥೆ ಹೇಳಿದರು. ಯಜಮಾನರು, "ನಿನ್ನ ಇಷ್ಟ" ಎಂದು ಪೇಪರ್ ಎತ್ತಿಕೊಂಡರು. ನಿಮ್ಮಲ್ಲಿ ಮದುವೆಯಾದವರಿಗೆ ಆ ಎರಡು ಪದಗಳ ಭಾರ ಗೊತ್ತಿರುತ್ತದೆ.

ಆದರೆ ಎಲ್ಲವನ್ನೂ ಅವರ ಮೇಲೆ ಹೊರಿಸಲಾರೆ. ನನಗೇ ಭಯವಿತ್ತು. ಮಗನ ಪರೀಕ್ಷೆ ಎಂದೆ. ಬಕ್ರೀದ್‌ಗೆ ಮನೆ ತುಂಬ ನೆಂಟರು ಎಂದೆ. ಜ್ವರ ಎಂದೆ, ಜ್ವರ ಇರಲಿಲ್ಲ. ಹೀಗೆ ಮೂರು ವಾರ ಕಳೆಯಿತು. ಸೆಪ್ಟೆಂಬರ್ 2ರ ಬಕ್ರೀದ್ ದಿನ ನಲ್ಲಿಗಳನ್ನು ಬಡಿಸುತ್ತಾ ಅಡುಗೆಮನೆಯಲ್ಲಿ ನಿಂತಿದ್ದಾಗ ಕಿರಿಯ ತಂಗಿಯ ಫೋನ್ ಬಂತು. "ಆಪಾ, ಅವನು ನಿನ್ನನ್ನು ಕರೆಯಬೇಡಿ ಎಂದು ಎಲ್ಲರಿಗೂ ಹೇಳಿದ್ದಾನೆ. ಅವಳಿಗೆ ಮಕ್ಕಳಿದ್ದಾರೆ, ಒತ್ತಾಯ ಮಾಡಿದರೆ ನಾನು ಔಷಧಿ ಬಿಡುತ್ತೇನೆ ಅಂದ." ಸೌಟು ಕೆಳಗಿಟ್ಟೆ. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಅತ್ತೆ ಬಾಗಿಲವರೆಗೆ ಬಂದು, ಬುರ್ಖಾದ ಮೇಲೆ ಕೈಯಿಟ್ಟು ದುಆ ಓದಿ ಊದಿದರು. ಬೇಡ ಎನ್ನಲಿಲ್ಲ.

ಹತ್ತು ದಿನಕ್ಕೆ ಫಲಿತಾಂಶ ಬಂತು. ನನ್ನದು ಪೂರ್ತಿ ಹೊಂದಿತ್ತು.

ಅಷ್ಟರಲ್ಲಿ ತಮ್ಮನಿಗೆ ಜ್ವರ ಏರಿ, ಶ್ವಾಸಕೋಶದಲ್ಲಿ ಶಿಲೀಂಧ್ರದ ಸೋಂಕು ಕಾಣಿಸಿಕೊಂಡಿತ್ತು. ಬಿಳಿ ಕಣಗಳಿಲ್ಲದ ದೇಹ, ಬೂಷ್ಟು ಕೂಡ ಒಳಗೆ ನುಗ್ಗುತ್ತದೆ. ಅದು ತಹಬಂದಿಗೆ ಬರಲು ಆರು ವಾರ ಬೇಕಾಯಿತು. ನಾನು ಆ ಮೂರು ವಾರ ಮೊದಲೇ ಹೋಗಿದ್ದರೆ ಸೋಂಕಿಗೆ ಮುಂಚೆಯೇ ಕಸಿ ಆಗುತ್ತಿತ್ತೇ? ವೈದ್ಯೆಯನ್ನು ನಾನು ಕೇಳಲಿಲ್ಲ. ಇಂದಿಗೂ ಕೇಳಿಲ್ಲ. ಈ ಮಾತನ್ನು ತಮ್ಮನಿಗೂ ಹೇಳಿಲ್ಲ. ಅವನು ಪತ್ರಿಕೆ ಓದುವವನಲ್ಲ. ಅವನ ಹೆಂಡತಿ ಓದುತ್ತಾಳೆ, ಹಾಗಾಗಿ ಈಗ ಅವನಿಗೂ ತಿಳಿಯುತ್ತದೆ.

ನವೆಂಬರ್‌ನಲ್ಲಿ ಕಸಿ. ಅದಕ್ಕೆ 13 ಲಕ್ಷ ಬೇಕಿತ್ತು. ಅಬ್ಬಾ ಸೈಟು ಮಾರಿದರು, ಜಮಾಅತ್‌ನವರು ಒಂದಿಷ್ಟು ಸೇರಿಸಿಕೊಟ್ಟರು, ಅಮ್ಮಿಯ ಬಳೆಗಳು ಹೋದವು, ನನ್ನವೂ ಹೋದವು. ಅಷ್ಟರಲ್ಲಿ ಸಂಬಂಧಿಕರೊಬ್ಬರು ಮನುಷ್ಯನ ದೇಹದ ಭಾಗ ಇನ್ನೊಬ್ಬರಿಗೆ ಕೊಡುವುದು ಸರಿಯೇ ಎಂದು ತಗಾದೆ ತೆಗೆದರು. ಅಬ್ಬಾ ನೇರ ಮೌಲಾನಾರ ಬಳಿ ಹೋದರು. ರಕ್ತ, ಚರ್ಮದಂತೆ ತಾನಾಗಿ ಮತ್ತೆ ಬೆಳೆಯುವಂಥದ್ದನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡಬಹುದೆಂದು, ಕೊಡುವವರು ಪ್ರಾಯಕ್ಕೆ ಬಂದ, ಪೂರ್ಣ ವಿವೇಚನೆಯುಳ್ಳವರಾಗಿರಬೇಕೆಂಬ ಷರತ್ತಿನೊಡನೆ, ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1988ರಲ್ಲೇ ತೀರ್ಮಾನಿಸಿದೆ ಎಂದು ಮೌಲಾನಾ ತಿಳಿಸಿದರಂತೆ. ಸಂಬಂಧಿಕರು ಮತ್ತೆ ಆ ಮಾತೆತ್ತಲಿಲ್ಲ, ಹಣವನ್ನೂ ಕೊಡಲಿಲ್ಲ.

ಈಗ ಬೆನ್ನಿಗೆ ಸೂಜಿಯ ವಿಷಯ. ಮಜ್ಜೆಗೂ ಬೆನ್ನುಹುರಿಗೂ ಸಂಬಂಧವಿಲ್ಲ. ನಮ್ಮ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ, ಆ ಪಕ್ಕದ ಮನೆಯ ಕಥೆಯ ಬೇರೂ ಅಲ್ಲೇ ಇರಬೇಕು. ನನಗೆ ಪೂರ್ತಿ ಅರಿವಳಿಕೆ ಕೊಟ್ಟು ಬೋರಲು ಮಲಗಿಸಿದರು. ಸೊಂಟದ ಹಿಂದೆ, ಸೀರೆಯ ನೆರಿಗೆ ಕಟ್ಟುವ ಎತ್ತರದಲ್ಲಿ, ಎರಡೂ ಬದಿಗೆ ಗಟ್ಟಿಯಾಗಿ ಕೈಗೆ ಸಿಗುವ ಎಲುಬಿದೆಯಲ್ಲ, ಅಲ್ಲಿಂದ ಸೂಜಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ತೆಗೆದರು. ಒಟ್ಟು 850 ಮಿಲಿಲೀಟರ್. ಹದಿನೈದು ದಿನ ಮೊದಲೇ ನನ್ನದೇ ಒಂದು ಚೀಲ ರಕ್ತ ತೆಗೆದಿಟ್ಟಿದ್ದರು, ಅದನ್ನು ವಾಪಸು ನನಗೇ ಏರಿಸಿದರು. ಎಚ್ಚರವಾದಾಗ ಕಲ್ಲಿನ ಮೇಲೆ ಬಿದ್ದಂತೆ ಸೊಂಟ ನೋಯುತ್ತಿತ್ತು. ಎರಡನೇ ದಿನ ಡಿಸ್ಚಾರ್ಜ್. ಮೆಟ್ಟಿಲು ಹತ್ತುವಾಗ, ಸುಜೂದ್‌ನಿಂದ ಏಳುವಾಗ ಹತ್ತು ದಿನ ನೋವಿತ್ತು. ತೆಗೆದ ಮಜ್ಜೆ ನಾಲ್ಕಾರು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಎರಡು ಹೆರಿಗೆ ಮಾಡಿಕೊಂಡ ಹೆಂಗಸಿಗೆ ಇದೊಂದು ದೊಡ್ಡ ನೋವಲ್ಲ ಎಂದು ಅತ್ತೆಗೆ ಹೇಳಿದಾಗ ಅವರು ನಕ್ಕುಬಿಟ್ಟರು.

ಕಸಿ ಎಂದರೆ ದೊಡ್ಡ ಶಸ್ತ್ರಚಿಕಿತ್ಸೆ ಎಂದು ನಾನು ತಿಳಿದಿದ್ದೆ. ಅದೇನೂ ಇಲ್ಲ. ನನ್ನ ಮಜ್ಜೆ ಕಡು ಕೆಂಪು ರಕ್ತದಂತೆ ಒಂದು ಚೀಲದಲ್ಲಿತ್ತು. ಹಳದಿಯಲ್ಲ, ಕೆಂಪು. ಅವನ ಹಳೆಯ ಮಜ್ಜೆಯನ್ನು, ಅದರೊಂದಿಗಿನ ನಿರೋಧಕ ಕಣಗಳನ್ನು ಔಷಧಿಯಿಂದ ಮೊದಲೇ ಅಳಿಸಿದ್ದರು. ಆ ಚೀಲವನ್ನು ತೂಗುಹಾಕಿ, ಎದೆಯ ನಳಿಕೆಗೆ ಜೋಡಿಸಿ, ರಕ್ತ ಏರಿಸಿದಂತೆ ಏರಿಸಿದರು. ರಕ್ತದ ಹರಿವಿಗೆ ಬಿದ್ದ ಆ ಕಣಗಳು ತಾವಾಗಿ ಎಲುಬು ಹುಡುಕಿಕೊಂಡು ಹೋಗಿ ಅಲ್ಲಿ ನೆಲೆ ನಿಲ್ಲುತ್ತವೆ. ಮಜ್ಜೆಯೊಳಗಿಂದ ಹೊರಡುವ ರಾಸಾಯನಿಕ ಸಂಕೇತಗಳು ಅವನ್ನು ಕರೆಯುತ್ತವೆ ಎಂದು ವೈದ್ಯೆ ವಿವರಿಸಿದರು. ಅಮ್ಮಿ ಸುಬ್‌ಹಾನಲ್ಲಾಹ್ ಎಂದಳು.

ಆಮೇಲಿನ ದಿನಗಳು ಸುಲಭದವಲ್ಲ. ಒಂಟಿ ಕೋಣೆ, ಗಾಜಿನಾಚೆ ಅವನು. ಕೂದಲು ಉದುರಿತು, ಬಾಯೆಲ್ಲ ಹುಣ್ಣು. ಹೊರಗಿನ ಊಟ ಇಲ್ಲ, ಹಸಿ ತರಕಾರಿ ಇಲ್ಲ, ಆಗ ತಾನೇ ಪ್ರೆಷರ್ ಕುಕ್ಕರಿನಿಂದ ತೆಗೆದದ್ದು ಮಾತ್ರ. ಅಮ್ಮಿ ಹತ್ತಿರದಲ್ಲೇ ಬಾಡಿಗೆ ಕೋಣೆ ಹಿಡಿದು ಗಂಜಿ, ಮೊಟ್ಟೆ, ಬೇಳೆ ಬೇಯಿಸುತ್ತಿದ್ದಳು. ಒಂದು ದಿನ ಕೈಯಲ್ಲಿ ಥರ್ಮೋಸ್ ಹಿಡಿದು ನಿಂತವಳನ್ನು ನರ್ಸ್ ತಡೆದು ಮುಚ್ಚಳ ತೆಗೆಸಿದಳು. ರಾತ್ರಿಯಿಡೀ ಕಾಯಿಸಿದ ಪಾಯಾ. "ಆಗ ತಾನೇ ಮಾಡಿದ್ದಲ್ಲ, ಕೊಡುವ ಹಾಗಿಲ್ಲಮ್ಮಾ" ಎಂದಳು ನರ್ಸ್. ಅಮ್ಮಿ ವಾದ ಮಾಡಲಿಲ್ಲ. ಕೋಣೆಗೆ ಬಂದು ಆ ಪಾಯಾವನ್ನು ಬಟ್ಟಲಿಗೆ ಸುರಿದು, ನಲ್ಲಿ ಬಡಿದು ಮಜ್ಜೆಯನ್ನು ಮೇಲೆ ಹಾಕಿ, ನನ್ನ ಮುಂದಿಟ್ಟಳು.

"ನೀನು ತಿನ್ನು."

32 ವರ್ಷದಲ್ಲಿ ಅಮ್ಮಿ ತಾನಾಗಿ ನನ್ನ ಬಟ್ಟಲಿಗೆ ಹಾಕಿದ ಮೊದಲ ನಲ್ಲಿ ಅದು. ನನ್ನ ರಕ್ತಕ್ಕೆ ಅದರಿಂದ ಅಷ್ಟೇನೂ ಆಗುವುದಿಲ್ಲವೆಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಹೇಳಲಿಲ್ಲ. ಪೂರ್ತಿ ತಿಂದೆ.

ಅದೇನೆಂದು ನಿಮಗಾದರೂ ಹೇಳಬೇಕಲ್ಲ. ನಲ್ಲಿಯ ಮಜ್ಜೆಯಲ್ಲಿ ಬಹುಪಾಲು ಕೊಬ್ಬು. ರುಚಿಯಿದೆ, ಶಕ್ತಿಯಿದೆ, ಬಾಣಂತಿಗೆ, ಬೆಳೆಯುವ ಮಕ್ಕಳಿಗೆ ಮಿತಿಯಲ್ಲಿ ಕೊಟ್ಟರೆ ತಪ್ಪೇನಿಲ್ಲ. ಹೃದಯದ ತೊಂದರೆ, ಕೊಲೆಸ್ಟರಾಲ್ ಇರುವವರು ಕೈ ತಡೆಯಬೇಕು. ಆದರೆ ತಿಂದ ಮಜ್ಜೆ ನಮ್ಮ ಮಜ್ಜೆಯಾಗುವುದಿಲ್ಲ, ರಕ್ತವೂ ಆಗುವುದಿಲ್ಲ. ರಕ್ತಕ್ಕೆ ಕಬ್ಬಿಣಾಂಶ ಬೇಕೆಂದರೆ ಮಾಂಸ, ಕಲೇಜಿ, ಕಾಳುಗಳು, ಸೊಪ್ಪು, ಜೊತೆಗೊಂದು ನಿಂಬೆಹಣ್ಣು. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ಚಟ ಅದೇ ಕಬ್ಬಿಣವನ್ನು ರಕ್ತಕ್ಕೆ ಸೇರದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ, ಅದೇ ವಯಸ್ಸಿನ ಗಂಡಸರಲ್ಲಿ 25. ನಲ್ಲಿ ಹೋಗಲಿ, ಸಾರಿನಲ್ಲಿ ಮಾಂಸದ ತುಂಡು ಯಾರ ತಟ್ಟೆಗೆ, ಬರೀ ರಸ ಯಾರ ತಟ್ಟೆಗೆ ಎಂದು ಈ ಎರಡು ಸಂಖ್ಯೆಗಳ ನಡುವೆ ಹುಡುಕಿದರೆ ಸಿಗುತ್ತದೆ. ಮಕ್ಕಳಿಗೆ, ಗಂಡಂದಿರಿಗೆ ಬಡಿಸಿ ಕೊನೆಗೆ ಪಾತ್ರೆ ಬಳಿದು ಉಣ್ಣುವವರು ನಾವೇ ಅಲ್ಲವೇ? ನಾನೂ ಹಾಗೆಯೇ ಉಂಡವಳು. ಕಸಿಗೆ ಮುಂಚಿನ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 10.8 ಬಂದು, ಕಬ್ಬಿಣದ ಮಾತ್ರೆ ತಿಂದು ಅದನ್ನು ಏರಿಸಿಕೊಂಡ ಮೇಲೆಯೇ ನನ್ನಿಂದ ಮಜ್ಜೆ ತೆಗೆದದ್ದು.

ಹತ್ತೊಂಬತ್ತನೇ ದಿನ ತಮ್ಮನ ಬಿಳಿ ಕಣಗಳು ಏರತೊಡಗಿದವು. ಒಂದು ತಿಂಗಳ ನಂತರ, ಬಂದ ಕಣಗಳು ಯಾರವು ಎಂದು ನೋಡುವ ಪರೀಕ್ಷೆ ಮಾಡಿದರು. ಅಕ್ಕನ ಮಜ್ಜೆ ತಮ್ಮನಿಗೆ ಹೋದಾಗ ಆ ಪರೀಕ್ಷೆ ಸುಲಭವಂತೆ. ಗಂಡಸರ ಕಣದಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳಿರುತ್ತವೆ, ಹೆಂಗಸರದ್ದರಲ್ಲಿ ಎರಡೂ ಎಕ್ಸ್. ತಮ್ಮನ ರಕ್ತದಲ್ಲಿ ಸಿಕ್ಕಿದ್ದೆಲ್ಲ ಎರಡು ಎಕ್ಸ್. ವೈದ್ಯೆ ನಗುತ್ತಾ ವರದಿ ತೋರಿಸಿದರು. "ಇನ್ನು ಮೇಲೆ ನಾನು ಗಂಡಸು ಅಂತ ಜಂಬ ಕೊಚ್ಚುವ ಹಾಗಿಲ್ಲ, ಆಪಾ" ಎಂದ ಅವನು. ಅವನ ರಕ್ತದ ಗುಂಪು ಎ ಪಾಸಿಟಿವ್ ಇತ್ತು. ಹಳೆಯ ಕೆಂಪು ಕಣಗಳು ತಮ್ಮ ಆಯುಸ್ಸು ಮುಗಿಸಿ ಹೋಗುತ್ತಾ ಹೋಗುತ್ತಾ, ಆರು ತಿಂಗಳಲ್ಲಿ ನನ್ನದೇ ಓ ಪಾಸಿಟಿವ್ ಆಯಿತು. ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಇನ್ನೂ ಎ ಎಂದೇ ಇದೆ, ಬದಲಾಯಿಸು ಎಂದು ನಾನು ಹೇಳಿ ಹೇಳಿ ಸೋತಿದ್ದೇನೆ.

ಅವಳಿಯಲ್ಲದ ಒಡಹುಟ್ಟಿದವರ ಮಜ್ಜೆಯಿಂದ ಯಶಸ್ವಿಯಾದ ಮೊದಲ ಕಸಿ 1968ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ನಡೆಯಿತು. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಗಂಡುಮಗುವಿಗೆ ಮಜ್ಜೆ ಕೊಟ್ಟದ್ದು ಅವನ ಪುಟ್ಟ ಅಕ್ಕ. ಆ ಮಗುವಿನ ರಕ್ತದ ಗುಂಪೂ ಬದಲಾಯಿತಂತೆ. ನಮ್ಮ ದೇಶದಲ್ಲಿ 1983ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಇದು ಆರಂಭವಾಯಿತು, 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ. ಈ ಕ್ಷೇತ್ರಕ್ಕೆ ದಾರಿ ತೋರಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂತು.

ಒಡಹುಟ್ಟಿದವರಿಲ್ಲದವರು, ಇದ್ದರೂ ಹೊಂದದವರು ಏನು ಮಾಡಬೇಕು? ಅರ್ಧ ಹೊಂದಿದ ಮಜ್ಜೆಯಿಂದಲೂ ಈಗ ಕಸಿ ಮಾಡುತ್ತಾರೆ. ಅದಲ್ಲದೆ ದಾನಿಗಳ ನೋಂದಣಿ ಇದೆ. ಚೆನ್ನೈಯಲ್ಲಿ 2009ರಲ್ಲಿ ಶುರುವಾದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆ ಇಂಥವು. ಹದಿನೆಂಟು ತುಂಬಿದ ಆರೋಗ್ಯವಂತರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಹೆಸರು ದಾಖಲಾಗುತ್ತದೆ. ಹೊಂದಿಕೆ ಬಂದಾಗ ಹೆಚ್ಚಿನವರಿಂದ ಈಗ ಎಲುಬಿಗೆ ಸೂಜಿ ಹಾಕುವುದೂ ಇಲ್ಲ. ಐದು ದಿನ ಚುಚ್ಚುಮದ್ದು ಕೊಟ್ಟು ಆ ಕಣಗಳನ್ನು ರಕ್ತಕ್ಕೆ ಇಳಿಸಿ, ತೋಳಿನಿಂದಲೇ ಕೆಲವು ಗಂಟೆಯಲ್ಲಿ ಬೇರ್ಪಡಿಸಿಕೊಳ್ಳುತ್ತಾರೆ. ಹೊಂದಿಕೆ ಸಿಗುವ ಸಾಧ್ಯತೆ ಸಾಮಾನ್ಯವಾಗಿ ಅವರವರ ಜನಾಂಗದೊಳಗೇ ಹೆಚ್ಚು. ನಮ್ಮ ಮಕ್ಕಳಿಗೆ ಬೇಕಾದ ಗುರುತು ಇರುವುದು ಹೆಚ್ಚಾಗಿ ನಮ್ಮವರಲ್ಲೇ, ಆ ಪಟ್ಟಿಯಲ್ಲಿ ನಮ್ಮವರ ಹೆಸರಿಲ್ಲದಿದ್ದರೆ ಹುಡುಕುವುದೆಲ್ಲಿ? ಥಲಸ್ಸೇಮಿಯಾದ ಮಕ್ಕಳನ್ನು ಹೊತ್ತು ತಿಂಗಳು ತಿಂಗಳು ರಕ್ತ ಏರಿಸಲು ಬರುವ ತಾಯಂದಿರನ್ನು ಆ ಆಸ್ಪತ್ರೆಯ ಮೊಗಸಾಲೆಯಲ್ಲಿ ನೋಡಿದೆ. ಅವರಲ್ಲಿ ಬುರ್ಖಾ ತೊಟ್ಟವರು ಕಡಿಮೆಯೇನಿರಲಿಲ್ಲ. ಒಡಹುಟ್ಟಿದವರ ಮಜ್ಜೆ ಹೊಂದುವ ಬಡ ಮಕ್ಕಳಿಗೆ ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷದವರೆಗೆ ಸಹಾಯ ಸಿಕ್ಕಿದೆ. ನಿಮ್ಮ ಪರಿಚಯದಲ್ಲಿ ಅಂಥ ಮಕ್ಕಳಿದ್ದರೆ ವೈದ್ಯರ ಬಳಿ ಈ ಯೋಜನೆಯ ಹೆಸರೆತ್ತಿ ವಿಚಾರಿಸಲು ಹೇಳಿ.

2018ರ ಆಗಸ್ಟ್‌ನಲ್ಲಿ ಬಕ್ರೀದ್. ಕಸಿಯಾಗಿ ಒಂಬತ್ತು ತಿಂಗಳು. ತಮ್ಮನ ತಲೆಯಲ್ಲಿ ಕೂದಲು ಮೊದಲಿಗಿಂತ ದಟ್ಟವಾಗಿ ಬಂದಿತ್ತು. ಮನೆಯಲ್ಲೇ ಮಾಡಿ ಬಿಸಿಬಿಸಿ ತಿನ್ನಬಹುದೆಂದು ವೈದ್ಯೆ ಒಪ್ಪಿದ್ದರು. ನಾನು ಮಕ್ಕಳೊಡನೆ ಮೈಸೂರಿಗೆ ಹೋಗಿದ್ದೆ, ಅತ್ತೆಯೂ ಬಂದಿದ್ದರು. ಅಮ್ಮಿ ಕುಕ್ಕರಿನ ಮುಚ್ಚಳ ತೆಗೆದು ಸೌಟನ್ನು ತಳಕ್ಕಿಳಿಸಿದಳು. ಮೊದಲ ನಲ್ಲಿ ಬಂತು. ಅಬ್ಬಾ ತಮ್ಮ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಅಮ್ಮಿ ತಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು, ಸೌಟು ಗಾಳಿಯಲ್ಲೇ ನಿಂತಿತು. ಕೊನೆಗೆ ಅದು ಬಿದ್ದದ್ದು ನನ್ನ ಮಗಳ ತಟ್ಟೆಗೆ, ನಡುವೆ ಕೈ ಚಾಚಿ ಕೇಳಿದವಳು ಅವಳೊಬ್ಬಳೇ ಆದ್ದರಿಂದ.

ಅವಳು ಅದನ್ನು ತಿರುಗಿಸಿ ಒಳಗೆ ಇಣುಕಿದಳು. "ಅಮ್ಮಿ, ಮಾಮಾನಿಗೆ ನೀನು ಕೊಟ್ಟದ್ದು ಇದೇನಾ?"

"ಅಲ್ಲ, ಅದು ಕೆಂಪು" ಎಂದೆ.

ಅವಳು ತಟ್ಟೆಗೆ ಎರಡು ಸಲ ಬಡಿದಳು. ಏನೂ ಬೀಳಲಿಲ್ಲ. ತಮ್ಮ ತನ್ನ ಚಮಚವನ್ನು ತಿರುಗಿಸಿ, ಹಿಡಿಯ ತುದಿಯನ್ನು ಅವಳತ್ತ ಚಾಚಿದ.